ತುದಿ ಮುರಿದ ಬೆಂಡೆಕಾಯಿ

ನನ್ನ ಸೋದರಮಾವನ ಕೈಗೆ ಬೆಂಡೆಕಾಯಿ ಸಿಕ್ಕರೆ ಮೊದಲು ಅದರ ತುದಿ ಹೋಗುತ್ತದೆ. ಟಕ್ಕೆಂದು ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ಟಿ. ನಗರದ ಸಸ್ಯಾಹಾರಿ ಹೋಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದ ಕೈ ಅದು. ತರಕಾರಿ ಅಂಗಡಿಯ ಹೆಂಗಸು "ಒಡಿಕ್ಕಾದೀಂಗ ಸಾರ್!", ಮುರಿಯಬೇಡಿ ಎಂದು ಕೂಗುತ್ತಲೇ ಇರುತ್ತಿದ್ದಳು, ಮಾವ ಮುರಿಯುತ್ತಲೇ ಇರುತ್ತಿದ್ದರು. ಜೊತೆಗೆ ಹೋದ ತಪ್ಪಿಗೆ ನಾನು ಬೇರೆ ಕಡೆ ನೋಡುತ್ತಿದ್ದೆ.

ಹೋಟೆಲು ಬಿಟ್ಟ ಮೇಲೆ ಅವರು ತಿರುವಳ್ಳೂರಿನಾಚೆ ಒಂದೂವರೆ ಎಕರೆ ಗೇಣಿಗೆ ಹಿಡಿದರು. ಯೂರೋಪಿನವರು ಸಾವಯವ ತರಕಾರಿಗೆ ಮುಗಿಬೀಳುತ್ತಾರೆ ಎಂದು ಯಾರೋ ತಲೆಗೆ ತುಂಬಿದ್ದರು. ಮದ್ದು ಹೊಡೆಯದೆ ಬೆಂಡೆ ಬೆಳೆದು, ಸರ್ಟಿಫಿಕೇಟಿಗಾಗಿ ಮೂರು ವರ್ಷ ಕಾದರು. ಇಂಗ್ಲಿಷ್ ಪತ್ರಗಳ ಹೊಣೆ ಎಗ್ಮೋರಿನ ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನನ್ನದು. ಕೊನೆಗೂ ಜರ್ಮನಿಯ ವ್ಯಾಪಾರಿಯೊಬ್ಬರು ಒಂದು ಪೆಟ್ಟಿಗೆ ಮಾದರಿ ಕೇಳಿದರು. ಮಾವ ಯಾರನ್ನೂ ಮುಟ್ಟಗೊಡದೆ ತಾವೇ ತುಂಬಿ ಕಳಿಸಿದರು.

ಉತ್ತರ ನನ್ನ ಫೋನಿಗೆ ಬಂದಾಗ ಮಾವ ಪೆರಂಬೂರಿನ ನಮ್ಮ ಮನೆಯಲ್ಲಿ ಕಾಫಿ ಹಿಡಿದು ಎದುರೇ ಕೂತಿದ್ದರು. ಮೇಲಿನ ಸಾಲಿನ ಕಾಯಿಗಳ ತುದಿಯೆಲ್ಲ ಮುರಿದು ಕಪ್ಪಾಗಿದೆ, ಹಾಳಾದ ಮಾಲು ಬೇಡ ಎಂದು ಬರೆದಿತ್ತು. ಅಲ್ಲದೆ ಈಗ ಸ್ಪೇನ್, ಗ್ರೀಸ್ ಕಡೆಯೂ ಸಾವಯವವಾಗಿ ಬೆಳೆಯುವವರು ಹೆಚ್ಚಿದ್ದಾರೆ, ಗಿರಾಕಿಗಳು ಹತ್ತಿರದ್ದನ್ನೇ ಕೇಳುತ್ತಾರೆ ಎಂದೂ ಇತ್ತು. ನೋಡಿದ ಕೂಡಲೇ ಎಳೆಯದೆಂದು ತಿಳಿಯಲಿ ಎಂದು ಮಾವನೇ ಮುರಿದು ಕಳಿಸಿದ್ದಾರೆಂದು ನನಗೆ ಆಗ ಹೊಳೆಯಿತು.

ನನ್ನ ಬಾಯಿಂದ ಎರಡನೆಯ ಕಾರಣ ಮಾತ್ರ ಹೊರಬಂತು.

"ಅಲ್ಲಿ ಸಹ ಮದ್ದು ಹೊಡೆಯದೆ ಬೆಳೀತಾರಂತಾ?"

"ಹೌದು ಮಾವ. ಈಗ ತುಂಬಾ ಜನ."

"ಒಳ್ಳೇದೇ ಆಯ್ತಲ್ಲ ಮಾರಾಯ್ತಿ. ಮತ್ತೆ ನಾನು ಬೈಯುದು ಯಾರಿಗೆ?"

ಅವರ ಸಿಟ್ಟು ನನಗೆ ಅಭ್ಯಾಸ. ಸಾರಿಗೆ ಉಪ್ಪು ಕಮ್ಮಿಯಾದರೆ ಬೀದಿಗೆ ಕೇಳುವಂತೆ ಕೂಗುವವರು ಅಂದು ಸುಮ್ಮನೆ ಲೋಟ ತೊಳೆದಿಟ್ಟು ಹೋದರು. ನನಗೆ ಅಳು ಬಂತು. ನಿಜ ಹೇಳಿದ್ದರೆ ಇನ್ನೂ ಕುಸಿಯುತ್ತಿದ್ದರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎರಡು ತಿಂಗಳ ನಂತರ, ಕಳೆದ ಭಾನುವಾರ, ಹೊಲಕ್ಕೆ ಬರಹೇಳಿದರು. ಡೆನ್ಮಾರ್ಕಿನಿಂದ ಯಾರೋ ದಲ್ಲಾಳಿಯ ಮೂಲಕ ಮಾದರಿ ಕೇಳಿದ್ದರಂತೆ. ಬೇವಿನ ನೆರಳಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ಮಾವನ ಮುಖ ಗೆಲುವಾಗಿತ್ತು.

"ಹೋದ ಸಲ ತಪ್ಪು ನನ್ನದೇ. ಅಲ್ಲಿಯೂ ಬೆಳೀತಾರೆ ಅಂದದ್ದು ಬರೀ ನೆಪ. ಮೇಲಿನದ್ದು ಮಾತ್ರ ತುದಿ ಮುರಿದದ್ದು ನಾನು. ಅಡಿಯದ್ದು ಬಲಿತದ್ದು ಅಂತ ಅವರಿಗೆ ಸಂಶಯ ಬಂದಿರ್ಬೇಕು. ಈ ಸಲ ಒಂದನ್ನೂ ಬಿಡುದಿಲ್ಲ. ನೀನೂ ಕೂತ್ಕೋ, ಕೈ ಹಾಕು."

ಹೇಳಬೇಕೆಂದು ಬಾಯಿ ತೆರೆದೆ. ಅವರು ಟಕ್ಕೆಂದು ಒಂದನ್ನು ಮುರಿದು, "ಕೇಳಿತಾ?" ಎಂದು ಮಗುವಿನಂತೆ ನಕ್ಕರು.

ಕೇಳಿತು ಮಾವ, ಎಂದೆ. ಎದುರು ಕೂತು ನಾನೂ ಮುರಿಯತೊಡಗಿದೆ.