ಹರಿಯಲಾಗದ ಪುಸ್ತಕ

ನಮ್ಮ ಇಲಾಖಾ ಪರೀಕ್ಷೆಯ ಒಂದು ಪತ್ರಿಕೆಯನ್ನು ಪುಸ್ತಕ ನೋಡಿಕೊಂಡೇ ಬರೆಯಬಹುದು. ಆದರೂ ಹೋದ ಸಲ ಫೇಲಾಗಿದ್ದೆ. ಈ ಸಲವೂ ಹೋದರೆ ಕೆಲಸಕ್ಕೇ ಕುತ್ತು. ಆ ನಿಯಮಗಳ ಪುಸ್ತಕ ಗುಬ್ಬಿಯಲ್ಲಿ ಸಿಗಲಿಲ್ಲವೆಂದು ಮೊಬೈಲಿನಲ್ಲೇ ಇ-ಪುಸ್ತಕ ಕೊಂಡೆ. ಅಚ್ಚಿನದಕ್ಕಿಂತ ಹತ್ತೇ ರೂಪಾಯಿ ಕಮ್ಮಿ! ಕಾಗದವಿಲ್ಲ, ಬೈಂಡಿಂಗ್ ಇಲ್ಲ, ಇಷ್ಟು ದುಡ್ಡು ಯಾತಕ್ಕೆ ಅಂತ ಬೈಕೊಂಡೇ ಕೊಟ್ಟೆ.

ತುಮಕೂರಿನ ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಮೇಲ್ವಿಚಾರಕರು ಕೈ ಚಾಚಿದರು. "ಮೊಬೈಲ್ ಇಲ್ಲಿ ಕೊಡಿ."

"ಸಾರ್, ನನ್ನ ಪುಸ್ತಕ ಅದರೊಳಗೇ ಇದೆ."

"ಪುಸ್ತಕ ಬಿಡ್ತೀವಿ, ಮೊಬೈಲ್ ಬಿಡಲ್ಲ ಕಣ್ರೀ."

ಮೊಬೈಲ್ ಕೊಟ್ಟು ಬರಿಗೈಲಿ ಒಳಗೆ ಹೋಗಿ ಕೂತೆ.

ಪಕ್ಕದ ಡೆಸ್ಕಿನಲ್ಲಿ ಕುಣಿಗಲ್ ಕಡೆಯ ಹೆಂಗಸೊಬ್ಬರಿದ್ದರು. "ಯಾಕಣ್ಣ, ಪುಸ್ತಕ ತಂದಿಲ್ವಾ?" ಅಂದರು. ತೊದಲುತ್ತಲೇ ವಿಷಯ ಹೇಳಿದೆ. ಅವರು ತಮ್ಮ ಹೊಸ ಪುಸ್ತಕವನ್ನು ನಡುವೆ ಅಗಲಿಸಿ ಹಿಡಿದು ಪರ್ರನೆ ಎರಡು ಮಾಡಿದರು.

"ತಗೊಳಿ. ಮೊದಲ್ನೇ ಅರ್ಧ ನಂಗೆ, ಇದು ನಿಮ್ಗೆ. ಆಮೇಲೆ ಬದಲಾಯಿಸ್ಕೊಳಣ."

"ಬದಲಾಯಿಸೋದೆಲ್ಲ ಇಲ್ಲಿ ನಡೆಯಲ್ಲ," ಮೇಲ್ವಿಚಾರಕರು ಹಿಂದಿನಿಂದಲೇ ಗದರಿದರು. "ಯಾರ ಹತ್ರ ಏನಿದೆಯೋ ಅದ್ರಲ್ಲೇ ಬರೀರಿ."

ಅಚ್ಚಿನ ಪುಸ್ತಕಕ್ಕೆ ಆ ಹತ್ತು ರೂಪಾಯಿ ಯಾಕೆ ಜಾಸ್ತಿ ಅಂತ ನನಗೆ ಆಗ ಅರ್ಥವಾಯಿತು. ಅದನ್ನು ಹರಿದು ಇನ್ನೊಬ್ಬರಿಗೆ ಕೊಡಬಹುದು.

ಬೆಲ್ ಹೊಡೆಯಿತು. ದೇವರನ್ನು ನೆನೆದು ಪ್ರಶ್ನೆಪತ್ರಿಕೆ ತಿರುಗಿಸಿದೆ. ಮೊದಲ ಪ್ರಶ್ನೆ ಅವರ ಅರ್ಧದ್ದು. ಎರಡನೆಯದೂ.