ಕಂಪನಿಯ ಫ್ರಿಜ್ಜು, ದಸ್ತಗೀರನ ಸೋಡಾ

ಕಂಪನಿಯ ಫ್ರಿಜ್ಜಿನಲ್ಲಿ ಕಂಪನಿಯ ಒಂದು ಬಾಟಲಿಯೂ ಇರಲಿಲ್ಲ. ಬೈಲಹೊಂಗಲದ ಬಸ್ ನಿಲ್ದಾಣದೆದುರಿನ ಅಂಗಡಿಯಲ್ಲಿ ಅದು ನನ್ನ ಮೊದಲ ದಿನ. ಬಾಗಿಲು ತೆಗೆದರೆ ಸಾಲಾಗಿ ಗೋಲಿ ಸೋಡಾ, ಕೆಳಗೆ ಮೊಸರಿನ ಗಡಿಗೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ. ನಮ್ಮ ತಂಪು ಪಾನೀಯಗಳು ಹೊರಗೆ ಕ್ರೇಟಿನಲ್ಲಿ ಬಿಸಿಲು ಕಾಯುತ್ತಿದ್ದವು.

"ಇದೇನ್ರೀ?" ಎಂದೆ.

"ನಿಮ್ಮವು ಬಾಟ್ಲಿ ಚಂದ ಅದಾವ್ರಿ ಸಾಹೇಬ್ರ, ಹೊರಗ ಇಟ್ರ ಅಂಗಡಿಗೆ ಶೋ ಬರತೈತಿ," ಎಂದ ಅಂಗಡಿಯ ಶಂಕ್ರೆಪ್ಪ. "ದಸ್ತಗೀರನ ಸೋಡಾ ಥಂಡ ಇರಲಿಲ್ಲಂದ್ರ ಮಂದಿ ನನ್ನ ಬೈತಾರ."

ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಮೊಸರಿನ ಗಡಿಗೆ ಆಮೇಲೆ ಸೇರಿಕೊಂಡದ್ದೂ ಇರಬಹುದು. ಸೋಡಾ ಮಾತ್ರ ಇತ್ತು.

ಮೈಸೂರಿನಲ್ಲಿ ಎಂ.ಎ. ಮುಗಿಸಿ, ತೊಂಬತ್ತರ ದಶಕದ ಕೊನೆಗೆ ದೊಡ್ಡ ಪಾನೀಯ ಕಂಪನಿಯೊಂದರ ಸೇಲ್ಸ್ ಕೆಲಸಕ್ಕೆ ಸೇರಿ ಇಲ್ಲಿಗೆ ಬಂದೆ. ಕಿತ್ತೂರು, ನೇಸರಗಿ, ಸವದತ್ತಿ, ರಾಮದುರ್ಗ ನನ್ನ ಸರಹದ್ದು. ಓಡಾಡಲು ಬೈಕು, ಕಾಯಿಲೆಗೆ ವಿಮೆ, ತಪ್ಪದ ಸಂಬಳ. ಕಂಪನಿಯ ಹೆಸರು ಕೇಳಿದ್ದಕ್ಕೇ ಬಾಡಿಗೆಗೆ ಕೋಣೆಯೂ ಸಿಕ್ಕಿತು. ಆದರೆ ಬೇಸಿಗೆಯಲ್ಲಿ ರಜೆ ಇಲ್ಲ. ಊರೆಲ್ಲ ಬಾಯಾರಿದಾಗ ನಮಗೆ ಸುಗ್ಗಿ. ಮೈಸೂರಿನಲ್ಲಿ ಸಂಜೆಗೆ ಗೆಳೆಯರಿದ್ದರು. ಇಲ್ಲಿ ಖಾನಾವಳಿಯಲ್ಲಿ ಒಬ್ಬನೇ ಕುಳಿತು ಕಟಕ್ ರೊಟ್ಟಿ, ಎಂದರೆ ಒಣಗಿಸಿದ ಜೋಳದ ರೊಟ್ಟಿ, ಮುರಿಯುವ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಅನ್ನ ಕೊನೆಗೆ, ಮುಷ್ಟಿಯಷ್ಟು.

ಆ ಬೇಸಿಗೆಯಲ್ಲೇ ನನ್ನ ಒಬ್ಬಳೇ ತಂಗಿಯ ಮದುವೆ. ಬೆಳಗಾವಿಯ ಮ್ಯಾನೇಜರು ಷರತ್ತು ಹಾಕಿದರು: ತಪಾಸಣೆಗೆ ಬರುತ್ತೇನೆ, ಶಂಕ್ರೆಪ್ಪನ ಅಂಗಡಿಗೆ ಕಂಪನಿ ಕೊಟ್ಟ ಫ್ರಿಜ್ಜಿನಲ್ಲಿ ನಮ್ಮ ಮಾಲು ಬಿಟ್ಟು ಬೇರೇನಾದರೂ ಕಂಡರೆ ರಜೆಯ ಮಾತೆತ್ತಬೇಡಿ.

ಸೋಡಾ ತೆಗೆಸಲು ಬೇಡಿಕೊಳ್ಳೋಣವೆಂದು, ಅದನ್ನು ತಯಾರಿಸುವ ದಸ್ತಗೀರನ ಶೆಡ್ಡಿಗೆ ಹೋದೆ. ಅಲ್ಲಿ ಯಾವಾಗಲೂ ನಾಲ್ಕು ಜನ, ಎಲ್ಲರಿಗೂ ಅವನು ದಸ್ತಗೀರಣ್ಣ. ನಾನು ಹೋದರೆ ಮಾತು ನಿಲ್ಲುತ್ತಿತ್ತು, ಕುರ್ಚಿ ಖಾಲಿಯಾಗುತ್ತಿತ್ತು. ಅದು ಗೌರವ ಎಂದು ನನಗೆ ನಾನೇ ಹೇಳಿಕೊಂಡೆ. ಹೊಟ್ಟೆಕಿಚ್ಚು ಅದನ್ನು ನಂಬಲಿಲ್ಲ.

ಅವನು ಸೋಡಾ ಯಂತ್ರಕ್ಕೆ ಬಟ್ಟೆ ಹೊದಿಸುತ್ತಿದ್ದ.

"ಎಂಟು ದಿನ ಸೂಟಿರಿ," ಎಂದ. ಸೂಟಿ ಎಂದರೆ ಇಲ್ಲಿ ರಜೆ. "ರಾಮದುರ್ಗದಾಗ ಅಕ್ಕನ ಮಗಳ ಶಾದಿ ಐತಿ."

"ಇಂಥ ಬಿಸಿಲಲ್ಲಿ ರಜೆನಾ? ಯಾರನ್ನ ಕೇಳಿದ್ರಿ?"

"ಯಾರ್ನ ಕೇಳೂದ್ರಿ? ಕೀಲಿ ನಂದ, ಕಿಸೆ ನಂದ!" ನಕ್ಕ. "ನಿಮಗೇನ್ರಿ ಸಾಹೇಬ್ರ, ಮಳಿ ಹೊಡದ್ರೂ ಪಗಾರ. ಮಳಿ ಬಂದ್ರ ನನ್ನ ಸೋಡಾ ಯಾರ್ ಕುಡೀತಾರ? ನಿಮ್ಮಂಗ ನೌಕರಿ ಇದ್ದಿದ್ರ ಹಾಯಾಗಿರತಿದ್ದೆ."

ನನ್ನನ್ನು ನೋಡಿಯೂ ಕರುಬುವವನೊಬ್ಬನಿದ್ದಾನೆಂದು ಕ್ಷಣಕಾಲ ಸಂತೋಷವಾಯಿತು. ಅವನು ಬೀಗ ಹಾಕಿ ಸಿಳ್ಳೆ ಹೊಡೆಯುತ್ತ ಹೋದ ಮೇಲೆ ಅದೂ ಉಳಿಯಲಿಲ್ಲ.

ಮ್ಯಾನೇಜರು ಬಂದಾಗ ಫ್ರಿಜ್ಜಿನ ತುಂಬ ನಮ್ಮದೇ ಬಾಟಲಿ. ಬಸ್ಸಿಳಿದವರು ಬೇರೆ ದಾರಿಯಿಲ್ಲದೆ ಅದನ್ನೇ ಕೊಂಡರು. ಮ್ಯಾನೇಜರು ನನ್ನ ಬೆನ್ನು ತಟ್ಟಿ ರಜೆ ಕೊಟ್ಟರು. ಕೊಂಡವರ ಮಾತು ಅವರಿಗೆ ಕೇಳಿಸಿತೋ ಇಲ್ಲವೋ.

"ಶಂಕ್ರೆಪ್ಪ, ದಸ್ತಗೀರಣ್ಣ ಎಲ್ಲಿ ಹ್ವಾದನೋ? ಆರಾಮ ಅದಾನಿಲ್ಲೋ?"

"ಯಾವಾಗ ಬರ್ತಾನಪಾ? ಈ ಸಕ್ಕರಿ ನೀರಿಲೆ ನೀರಡಿಕಿ ಹೋಗವಲ್ದು."

ಮೈಸೂರಿನ ಛತ್ರದ ಬಾಗಿಲಲ್ಲಿ ಅಮ್ಮ ನನ್ನ ಮುಖ ನೋಡಿ ಕೇಳಿದ ಮೊದಲ ಮಾತು, "ಮತ್ತೆ ಯಾವಾಗ ಹೊರಡ್ತೀಯೋ?" ಧಾರೆ ಮುಗಿದು ಎಲೆಯ ಮುಂದೆ ಕುಳಿತಾಗ ಕೈ ರೊಟ್ಟಿ ಹುಡುಕಿತು. ಬಂದವರಿಗೆ ನಮ್ಮ ಕಂಪನಿಯದೇ ಪಾನೀಯ ಹಂಚುತ್ತಿದ್ದರು. ತಣ್ಣಗಿದೆಯೇ ಎಂದು ಮುಟ್ಟಿ ನೋಡಿದೆ, ಕುಡಿಯಲಿಲ್ಲ. ಹೊರಡುವಾಗ ಅಮ್ಮ ಲಾಡಿನ ಪೊಟ್ಟಣ ಕಟ್ಟಿಕೊಟ್ಟರು. "ಅಲ್ಲಿಯೋರಿಗೆ ಕೊಡು." ಅಲ್ಲಿ ನಮ್ಮವರು ಯಾರಿದ್ದಾರೆಂದು ಅದನ್ನು ಛತ್ರದಲ್ಲೇ ಬಿಟ್ಟು ಬಂದೆ.

ಬೈಲಹೊಂಗಲದಲ್ಲಿ ಇಳಿದಾಗ ಫ್ರಿಜ್ಜಿನಲ್ಲಿ ಮತ್ತೆ ಗೋಲಿ ಸೋಡಾ. ಅಂಗಡಿಯ ಮುಂದೆ ದಸ್ತಗೀರನ ಸುತ್ತ ಜನ. ಶಾದಿಯ ಊಟದ ವರದಿ ನಡೆದಿತ್ತು. ಬ್ಯಾಗು ಹಿಡಿದು ನಾನೂ ನಿಂತೆ, ಯಾರಾದರೂ ಕೇಳಲೆಂದು.

"ಬರ್ರಿ ಸಾಹೇಬ್ರ," ಎಂದ ಶಂಕ್ರೆಪ್ಪ. "ಇವತ್ತ ನೇಸರಗಿ ಕಡೆ ಹೊಂಟೀರೇನು?"

"ಮೈಸೂರಿಂದ ಬಂದೆ. ತಂಗಿ ಮದುವೆ ಇತ್ತು."

"ಹೌದ್ರಿ?" ಅವನಿಗೆ ನಿಜವಾಗಿಯೂ ಆಶ್ಚರ್ಯ. "ಯಾವಾಗ ಹೋಗಿದ್ರಿ?"

ಗುಂಪಿನ ನಡುವಿನಿಂದ ದಸ್ತಗೀರ ಕೈ ಚಾಚಿದ. "ತಂಗಿ ಲಗ್ನಾ? ಮತ್ತ ನಮ್ಮ ಲಾಡು ಎಲ್ಲಿ ಅದಾವ್ರಿ?"

ಆ ಕೈಗೆ ಕೊಡಲು ನನ್ನ ಬ್ಯಾಗಿನಲ್ಲಿ ಕಂಪನಿಯ ಅಂಗಿ ಬಿಟ್ಟರೆ ಬೇರೇನೂ ಇರಲಿಲ್ಲ.