ಚೌರಮ್ಮನ ನೀಲಿ ಓಣಿಗಳು

ಬೆಳಗಿನ ಆರು ಗಂಟೆ. ಹಾಸನದ ಬಸ್ ಸ್ಟ್ಯಾಂಡ್ ಹಿಂದಿನ ಕಟ್ಟಡದ ಎರಡನೇ ಮಹಡಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರದ ಶಟರ್ ಅರ್ಧ ಮೇಲೇಳುತ್ತದೆ. ಬಗ್ಗಿ ಒಳಗೆ ಹೋಗುವವರು ಚೌರಮ್ಮ. ವಯಸ್ಸು ಐವತ್ತಾರು. ನೆಲ ಗುಡಿಸಿ, ಒರೆಸಿ, ಹನ್ನೆರಡು ಕಂಪ್ಯೂಟರುಗಳ ಹೊದಿಕೆ ತೆಗೆದು ಕೊಡವಿ ಮಡಿಸಿಡುವಷ್ಟರಲ್ಲಿ ಏಳೂಕಾಲು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಶಿಲುಬೆಯ ಗುರುತು ಹಾಕಿಕೊಂಡು, ಗೋಡೆ ಬದಿಯ ಕೊನೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಒಂದೇ ಬೆರಳು, ಒಂದೊಂದೇ ಅಕ್ಷರ. ದಿನಕ್ಕೆ ಹೆಚ್ಚೆಂದರೆ ಹತ್ತು ಸಾಲು.

ಅವರು ಕೂಡಿಸಿಡುತ್ತಿರುವುದು ಬೈಬಲ್ ಓದಿನ ಟಿಪ್ಪಣಿಗಳನ್ನು. ಏಳನೇ ಕ್ಲಾಸು ಓದಿದ್ದ ಚೌರಮ್ಮ ಅಕ್ಷರ ಬಾರದ ತಾಯಿ ಲೂರ್ದಮ್ಮನಿಗೆ ದಿನವೂ ಸಂಜೆ ಒಂದು ಅಧ್ಯಾಯ ಓದುತ್ತಿದ್ದರು. ತಾಯಿ ಅಕ್ಕಿ ಆರಿಸುತ್ತಾ ಕೇಳಿ ಕೊನೆಗೆ ಒಂದು ಮಾತು ಅನ್ನುತ್ತಿದ್ದರು. ಮಗಳು ಅದನ್ನು ಹಾಗೆಯೇ ಬರೆದಿಡುತ್ತಿದ್ದಳು. 1993ರಲ್ಲಿ ತಾಯಿ ತೀರಿಕೊಳ್ಳುವ ಹೊತ್ತಿಗೆ ಹದಿನಾಲ್ಕು ನೋಟ್‌ಬುಕ್ ತುಂಬಿದ್ದವು.

"ಐದು ರೊಟ್ಟೀನ ಐದ್ ಸಾವ್ರ ಜನ ತಿಂದು, ಅನ್ನೆಲ್ಡು ಪುಟ್ಟಿ ಮಿಕ್ತಂತಲ್ಲ, ಅದ್ನೆಲ್ಲ ಬಳ್ದು ಎತ್ತಿಟ್ಟೋರು ಯಾರು? ಎಂಗಸ್ರೇ ಇರ್ಬೇಕು ಕಣೆ. ಬರೆಯೋರು ಮರ್ತವ್ರೆ ಅನ್ನೋಳು ಅವ್ವ," ಎಂದು ಚೌರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ.

ಕಂಪ್ಯೂಟರ್ ಕಲಿಸಿದ್ದು ಕೇಂದ್ರದ ಶಿಕ್ಷಕಿ, ಹೊಳೆನರಸೀಪುರದಿಂದ ಮೊದಲ ಬಸ್ಸಿಗೆ ವಿಭೂತಿ ಇಟ್ಟುಕೊಂಡು ಬರುವ ಯಶಸ್ವಿನಿ. ಒಂದೊಂದು ಟಿಪ್ಪಣಿಗೆ ಒಂದೊಂದು ಪುಟ. ಪುಟದೊಳಗಿನ ಒಂದು ಪದವನ್ನು ನೀಲಿ ಮಾಡಿದರೆ ಅದನ್ನು ಒತ್ತಿ ಬೇರೆ ಪುಟಕ್ಕೆ ಹೋಗಬಹುದು. ಯಶಸ್ವಿನಿ ಅದನ್ನು ಲಿಂಕ್ ಎಂದಳು. ಚೌರಮ್ಮನಿಗೆ ಅದು ಓಣಿ, ಪುಟವೆಂದರೆ ಮನೆ. ಅಧ್ಯಾಯ, ವಚನಗಳ ಲೆಕ್ಕದಲ್ಲಲ್ಲ, ಉಪ್ಪು, ಬಾವಿ, ದೀಪ, ಹಿಟ್ಟು ಎಂದು ಮನೆಯ ಮಾತುಗಳಲ್ಲೇ ಅವರ ಊರು ಕಟ್ಟಿಕೊಂಡಿದೆ. ಮೂರು ವರ್ಷದಲ್ಲಿ ನಾನೂರ ಹತ್ತು ಮನೆ, ಸಾವಿರಕ್ಕೆ ಮಿಕ್ಕಿದ ಓಣಿ.

"ಶೆಟ್ಟಿಹಳ್ಳಿ ತಾವ ಇದ್ದ ನಮ್ಮನೆ ಓಣಿ ಡ್ಯಾಮ್ ನೀರ್ನಾಗೆ ಓಯ್ತು. ಇದು ಓಗಲ್ಲ," ಎನ್ನುತ್ತಾರೆ. ಒಮ್ಮೆ ಹೋಗಿ ಬಂದರೆ ನೀಲಿ ಪದ ನೇರಳೆಯಾಗುವುದು ಅವರಿಗೆ ಬಲು ಇಷ್ಟ. "ಎಜ್ಜೆ ಗುರ್ತು ಬಿದ್ದಂಗೆ."

ಕಳೆದ ತಿಂಗಳು ಆ ಊರಿನಲ್ಲಿ ಒಂದು ಮನೆಯೇ ಕಾಣೆಯಾಯಿತು. ತಾಯಿಯ ಹನ್ನೆರಡನೇ ವರ್ಷದ ಪೂಜೆ ಹತ್ತಿರ ಬಂದಿತ್ತು. ಅರಕಲಗೂಡಿನಲ್ಲಿರುವ ಚಿಕ್ಕಮ್ಮ, ತಾಯಿಯ ಒಬ್ಬಳೇ ತಂಗಿ, ಫೋನು ಮಾಡಿಸಿ ಕೇಳಿದ್ದರು: "ಲೋಟನ ಎಂಡ್ತಿ ಕತೆ ಓದ್ದಾಗ ಅಕ್ಕ ನಾವು ಊರು ಬಿಟ್ಟಿದ್ನ ಯೋಳಿದ್ಳಂತಲ್ಲ, ಅದ್ನ ಓದೇ. ನಂಗೂ ಎಂಬತ್ತಾಯ್ತು."

ನಾಶವಾಗುತ್ತಿದ್ದ ಊರು ಬಿಟ್ಟು ಹೋಗುವಾಗ ಹಿಂದಕ್ಕೆ ತಿರುಗಿ ನೋಡಿ ಉಪ್ಪಿನ ಕಂಬವಾದವಳು ಬೈಬಲಿನ ಆ ಲೋಟನ ಹೆಂಡತಿ. ಅವಳ ಬಗ್ಗೆ ತಾಯಿ ಆಡಿದ ಮಾತು ಇದ್ದದ್ದು ಆರನೇ ನೋಟ್‌ಬುಕ್ಕಿನಲ್ಲಿ. ಕಂಪ್ಯೂಟರಿಗೆ ಇಳಿಸಿದ ಮೇಲೆ ಆ ನೋಟ್‌ಬುಕ್ ಟ್ರಂಕಿನೊಳಗೆ ನೀರು ಕುಡಿದು ಮುದ್ದೆಯಾಗಿತ್ತು. ಆ ಪುಟಕ್ಕೆ ಓಣಿ ಹಾಕುವುದನ್ನು ಮರೆತಿದ್ದರು. ಉಪ್ಪು, ಊರು, ನೀರು ಎಲ್ಲ ಟೈಪ್ ಮಾಡಿ ಹುಡುಕಿದರು. ಹೆಂಡತಿ, ಹಿಂದಕ್ಕೆ ಎಂದು ಹ ತಪ್ಪದಂತೆ ಒತ್ತಿ ಒತ್ತಿ ನೋಡಿದರು. ಪುಟ ಸಿಗಲಿಲ್ಲ. ಮಾತಿನ ಸಾರ ನೆನಪಿತ್ತು, ತಾಯಿಯ ದನಿ ಮರೆತಿತ್ತು. ನಾಲ್ಕು ದಿನ ಹೀಗೇ ಕಳೆಯಿತು.

ಐದನೆಯ ಬೆಳಿಗ್ಗೆ ಯಶಸ್ವಿನಿ ಬಂದಾಗ ಚೌರಮ್ಮ ಗೊಣಗುತ್ತಿದ್ದರು, "ಇಂದಕ್ಕೆ ನೋಡ್ದೆ ಅಂದಿದ್ಳು, ಎಲ್ಲೋದ್ಲು..."

"ಏನಂದ್ರಿ? ಇನ್ನೊಂದ್ಸಲ ಹೇಳಿ." ಕಿವಿಗೆ ಬಿದ್ದಂತೆಯೇ ಯಶಸ್ವಿನಿ ಟೈಪ್ ಮಾಡಿದಳು: ಇಂದಕ್ಕೆ. ಪುಟ ತೆರೆಯಿತು.

"ಗಾಡಿ ಮ್ಯಾಲೆ ಕುಂತು ನಾನೂ ಇಂದಕ್ಕೆ ನೋಡ್ದೆ. ಒಲೆ ಆರ್ಸಿದ್ನೋ ಇಲ್ವೋ ಅಂತ. ಅವ್ಳೂ ಅದ್ನೇ ನೋಡಿರ್ತಾಳೆ, ಪಾಪ."

ಚೌರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಯಶಸ್ವಿನಿ ಮೆಲ್ಲಗೆ ಕೇಳಿದಳು, "ಇಲ್ಲೊಂದು ಹ ಹಾಕ್ಬಿಡ್ಲಾ? ಇಂದಕ್ಕೆ ಅಂದ್ರೆ ಇವತ್ತಿಗೆ ಅಂತ ಆಗೋಗುತ್ತೆ."

ಚೌರಮ್ಮ ಅವಳ ಕೈ ಹಿಡಿದುಕೊಂಡರು. "ಬ್ಯಾಡ ಮಗ. ತಿದ್ದುದ್ರೆ ಅದು ಯಾರೋ ಟೀಚರಮ್ಮನ ಮಾತಾಯ್ತದೆ. ನಮ್ಮವ್ವಂಗೆ ಹ ಇರ್ಲಿಲ್ಲ." ತರಗತಿ ಶುರುವಾಗುವ ಹತ್ತು ಗಂಟೆಯ ಮೇಲೆ ಚೌರಮ್ಮನಿಗೆ ಅವಳು ಮೇಡಂ, ಅದಕ್ಕೆ ಮುಂಚೆ ಮಗ. ಕೊನೆಗೆ ಇಬ್ಬರೂ ಸೇರಿ 'ಹಿಂದಕ್ಕೆ' ಎಂಬ ಹೊಸ ಪುಟ ಮಾಡಿದರು. ಅದರೊಳಗೆ ಒಂದೇ ಒಂದು ಓಣಿ, 'ಇಂದಕ್ಕೆ' ಎಂಬಲ್ಲಿಗೆ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಮನೆಗೆ ಬಂದು, ಪ್ರಿಂಟ್ ಹಾಕಿದ ಹಾಳೆ ಹಿಡಿದು ಚೌರಮ್ಮ ಓದಿದರು. ಪೂಜೆಗೆಂದು ಬಂದಿದ್ದ ಚಿಕ್ಕಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ, ಒಲೆಗೆ ನೀರು ಉಯ್ದಿದ್ದು ನಾನು ಕಣೇ! ಅಕ್ಕಂಗೆ ಯೋಳ್ಲೇ ಇಲ್ಲ. ಸಾಯೋಗಂಟ ಅದ್ನ ತಲೇಲಿ ಒತ್ಕೊಂಡಿದ್ಳಾ?"

ಈ ಸೋಮವಾರ ಬೆಳಿಗ್ಗೆ ಚೌರಮ್ಮ ಟೈಪ್ ಮಾಡುತ್ತಿರುವುದು ಆ ಮಾತನ್ನೇ. ಮಂಡಿ ಮೆಟ್ಟಿಲು ಬೇಡ ಅನ್ನುತ್ತಿದೆ, ಎಡಗಣ್ಣಿಗೆ ಪೊರೆ ಬಂದಿದೆ. ಮೂರು ನೋಟ್‌ಬುಕ್ ಬಾಕಿಯಿವೆ. ಅವಷ್ಟು ಮುಗಿಯುವ ತನಕ ಕಣ್ಣಿರಲಿ ಎಂದು ದಿನವೂ ಬೇಡಿಕೊಳ್ಳುತ್ತಾರೆ, ಮತ್ತೇನೂ ಕೇಳುವುದಿಲ್ಲ. ತಾಯಿಯ ಪುಟದಲ್ಲಿ 'ಒಲೆ' ಎಂಬ ಪದವನ್ನು ನೀಲಿ ಮಾಡಿ, ಒಮ್ಮೆ ಒತ್ತಿ, ಚಿಕ್ಕಮ್ಮನ ಮಾತಿಗೆ ಹೋಗಿ ಹಿಂತಿರುಗುತ್ತಾರೆ. ಪದ ನೇರಳೆಯಾಗುತ್ತದೆ.

"ಅವ್ವ ಕೇಳಿದ್ದು ಇಲ್ಲಿ ಅದೆ," ಎನ್ನುತ್ತಾ ಚೌರಮ್ಮ ಕೀಬೋರ್ಡಿನ ದೂಳು ಒರೆಸಿ ಏಳುತ್ತಾರೆ. "ಜವಾಬೂ ಈಗ ಪಕ್ಕದ ಓಣೀಲೇ ಅದೆ."